ವರ್ಷಕ್ಕೆ ನಲವತ್ತು ಮುಹೂರ್ತ: ಮದುವೆ ಫೋಟೋಗ್ರಫಿಯನ್ನು ಸ್ವಂತ ವ್ಯವಹಾರ ಮಾಡಿಕೊಳ್ಳುವವರಿಗೆ

ಸ್ವಂತವಾಗಿ ಮದುವೆ ಫೋಟೋಗ್ರಫಿ ಶುರು ಮಾಡುವವರು ಕ್ಯಾಮೆರಾ ಅಂಗಡಿಗೆ ಹೋಗುವ ಮೊದಲು ಒಂದು ಪಂಚಾಂಗ ತಂದು ಗೋಡೆಗೆ ತೂಗುಹಾಕಬೇಕು. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಇಲ್ಲ. ಗುರು ಮೌಢ್ಯ, ಶುಕ್ರ ಮೌಢ್ಯ (ಆ ಗ್ರಹ ಸೂರ್ಯನ ಹತ್ತಿರ ಬಂದು ಕಾಣದಾಗುವ ದಿನಗಳು) ಬಂದರೆ ಇನ್ನಷ್ಟು ವಾರಗಳು ಹೋಗುತ್ತವೆ. ಅಧಿಕ ಮಾಸ ಬಂದ ವರ್ಷ ಇಡೀ ಒಂದು ತಿಂಗಳೇ ಖಾಲಿ. 2023ರಲ್ಲಿ ಅದು ಶ್ರಾವಣಕ್ಕೆ ಬಂದಿತ್ತು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅಂದರೆ ಬೇಸಿಗೆ ಸೀಸನ್ನಿನ ಒಳ್ಳೆಯ ದಿನಗಳೇ ಅದರೊಳಗೆ ಸಿಕ್ಕಿಕೊಳ್ಳುತ್ತವೆ. ಕಂತಿನ ಮೇಲೆ ಕ್ಯಾಮೆರಾ ತೆಗೆದುಕೊಂಡವರಿಗೆ ಈ ಲೆಕ್ಕ ಮೊದಲೇ ಗೊತ್ತಿರಬೇಕು. ಕಂತು ಪ್ರತಿ ತಿಂಗಳೂ ಬರುತ್ತದೆ, ಮುಹೂರ್ತ ಬರುವುದಿಲ್ಲ.

ಉಳಿದ ದಿನಗಳಲ್ಲೂ ಮದುವೆಗಳು ಸಮನಾಗಿ ಹಂಚಿಕೊಂಡಿರುವುದಿಲ್ಲ. ಒಳ್ಳೆಯ ಲಗ್ನವಿರುವ ಭಾನುವಾರ ಬಂತೆಂದರೆ ಊರಿನ ಅಷ್ಟೂ ಛತ್ರಗಳು ಭರ್ತಿ, ಫೋನ್ ಮೇಲೆ ಫೋನ್. ಮುಂದಿನ ವಾರ ಕೇಳುವವರಿಲ್ಲ. ಒಂದು ತಾರೀಖಿಗೆ ಒಬ್ಬ ಒಂದೇ ಮದುವೆ ಮಾಡಬಲ್ಲ. ಬೆಲೆ, ಅಡ್ವಾನ್ಸ್, ಉಪಕರಣ, ಸಹಾಯಕರು ಎಲ್ಲವನ್ನೂ ಈ ಒಂದು ಮಿತಿಯಿಂದಲೇ ಲೆಕ್ಕ ಹಾಕಬೇಕು.

ಒಂದು ಆರ್ಡರ್ ಎಂದರೆ ನಿಜವಾಗಿ ಎಷ್ಟು ದಿನದ ಕೆಲಸ ಎಂದು ಬರೆದು ನೋಡಿ. ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ: ಪ್ರಯಾಣ ಸೇರಿ ಎರಡು ದಿನ. ಮೂರು ಸಾವಿರ ಫೋಟೋದಲ್ಲಿ ಐದುನೂರು ಆರಿಸಲು ಅರ್ಧ ದಿನ, ಕಲರ್ ಸರಿಮಾಡಲು ಒಂದೂವರೆ ದಿನ. ಆಲ್ಬಮ್ ಡಿಸೈನ್ ಒಂದು ದಿನ, ಮನೆಯವರು ಹೇಳುವ ತಿದ್ದುಪಡಿ, ಪ್ರಿಂಟಿಂಗ್ ಲ್ಯಾಬ್ ಓಡಾಟ ಇನ್ನೊಂದು ದಿನ. ಅಲ್ಲಿಗೆ ಆರು ದಿನ. ವರ್ಷಕ್ಕೆ 40 ಆರ್ಡರ್ ಎಂದರೆ 240 ದಿನ. ಒಬ್ಬ ಮನುಷ್ಯ ಕೆಡಿಸದೆ ಮಾಡಬಹುದಾದ ಕೆಲಸ ಅಷ್ಟೇ. ಅದಕ್ಕಿಂತ ಹೆಚ್ಚು ಹಿಡಿದವರ ಆಲ್ಬಮ್‌ಗಳೇ ವರ್ಷಗಟ್ಟಲೆ ಬಾಕಿ ಉಳಿಯುವುದು.

ಮೊದಲ ವರ್ಷ ಬೇರೆಯವರ ಆರ್ಡರ್‌ನಲ್ಲಿ

ನೇರವಾಗಿ ಸ್ವಂತ ಬೋರ್ಡ್ ಹಾಕುವುದಕ್ಕಿಂತ ಒಂದು ಸೀಸನ್ ಎರಡು ಮೂರು ಸ್ಟುಡಿಯೋಗಳಿಗೆ ದಿನಗೂಲಿಯ ಮೇಲೆ ಹೋಗುವುದು ಒಳ್ಳೆಯದು. ಮೊದಲು ಟ್ರೆಡಿಷನಲ್ ಫೋಟೋ ಕಲಿಯಿರಿ, ಕ್ಯಾಂಡಿಡ್ (ನಿಲ್ಲಿಸದೆ ಸಹಜವಾಗಿ ತೆಗೆಯುವ ಫೋಟೋ) ಆಮೇಲೆ. ವೇದಿಕೆಯ ಮೇಲೆ ನಾಲ್ಕು ನೂರು ಜನ ಸಾಲಾಗಿ ಬಂದು ಹೋಗುವಾಗ ಒಬ್ಬರ ಕಣ್ಣೂ ಮುಚ್ಚದಂತೆ, ಹಿಂದಿನ ಸಾಲಿನ ಅಜ್ಜಿಯ ಮುಖ ಮರೆಯಾಗದಂತೆ ತೆಗೆಯುವುದು ಸುಲಭವಲ್ಲ. ಮನೆಯವರು ಆಲ್ಬಮ್ ಬಿಚ್ಚಿದ ಕೂಡಲೇ ಹುಡುಕುವುದು ಆ ಫೋಟೋಗಳನ್ನೇ.

ಹೀಗೆ ಹೋಗುವಾಗ ಮೂರು ಮಾತು ಮೊದಲೇ ಆಗಬೇಕು. ಹಣ ಯಾವತ್ತು ಕೊಡುತ್ತಾರೆ. ಮೆಮೊರಿ ಕಾರ್ಡ್ ಯಾರದು. ತೆಗೆದ ಫೋಟೋದಲ್ಲಿ ಹತ್ತನ್ನು ನಿಮ್ಮ ಪೋರ್ಟ್‌ಫೋಲಿಯೋಗೆ ಬಳಸಬಹುದೇ. ಮೂರನೆಯದನ್ನು ಕೇಳದೆ ಇನ್‌ಸ್ಟಾಗ್ರಾಂಗೆ ಹಾಕಿದರೆ ಆ ಸ್ಟುಡಿಯೋ ಮತ್ತೆ ಕರೆಯುವುದಿಲ್ಲ. ಆ ಮದುವೆಗೆ ಬಂದ ನೆಂಟರಿಗೆ ನಿಮ್ಮ ಸ್ವಂತ ಕಾರ್ಡ್ ಹಂಚುವುದೂ ಬೇಡ. ಊರಿನಲ್ಲಿ ಈ ಸುದ್ದಿ ಒಂದೇ ವಾರದಲ್ಲಿ ಎಲ್ಲ ಸ್ಟುಡಿಯೋ ಮುಟ್ಟುತ್ತದೆ, ಮುಂದೆ ಡಬಲ್ ಡೇಟ್ (ಒಂದೇ ದಿನಕ್ಕೆ ಎರಡು ಆರ್ಡರ್) ಬಂದಾಗ ನಿಮ್ಮ ಆರ್ಡರ್ ಹಿಡಿಯಬೇಕಾದವರೂ ಅವರೇ.

ಜಿಲ್ಲೆಯ ಫೋಟೋಗ್ರಾಫರ್‌ಗಳ ಸಂಘಕ್ಕೆ ಸೇರಿಕೊಳ್ಳಿ. ದಕ್ಷಿಣ ಕನ್ನಡ, ಉಡುಪಿಯ ಕಡೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಇದೆ, ಬೇರೆ ಕಡೆಗಳಲ್ಲೂ ತಾಲ್ಲೂಕು ಮಟ್ಟದ ಸಂಘಗಳಿವೆ. ಜ್ವರ ಬಂದು ಮಲಗಿದ ದಿನ ನಿಮ್ಮ ಬದಲು ಯಾರಾದರೂ ಮುಹೂರ್ತಕ್ಕೆ ಹೋಗಬೇಕಾದರೆ ಈ ಪರಿಚಯವೇ ಕೆಲಸಕ್ಕೆ ಬರುವುದು.

ಏನು ಕೊಳ್ಳಬೇಕು, ಏನು ಬಾಡಿಗೆಗೆ ತರಬೇಕು

ಮದುವೆಗೆ ಎರಡು ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ) ಇಲ್ಲದೆ ಹೋಗಬಾರದು. ಎರಡನ್ನೂ ಕೊಳ್ಳಬೇಕೆಂದಿಲ್ಲ. ಎರಡು ಕಾರ್ಡ್ ಸ್ಲಾಟ್ ಇರುವ ಒಂದು ಫುಲ್ ಫ್ರೇಮ್ ಬಾಡಿ, ಒಂದು 24-70 ಎಫ್ 2.8 ಲೆನ್ಸ್, ಒಂದು 85 ಎಫ್ 1.8, ಎರಡು ಫ್ಲ್ಯಾಶ್, ಒಂದು ಟ್ರಿಗರ್ (ದೂರವಿಟ್ಟ ಫ್ಲ್ಯಾಶನ್ನು ಹೊಡೆಸುವ ಸಾಧನ), ಒಂದೊಂದು ಕ್ಯಾಮೆರಾಗೆ ಮೂರರಂತೆ ಕ್ಯಾಮೆರಾ ಕಂಪನಿಯದೇ ಬ್ಯಾಟರಿ: ಇಷ್ಟು ಸ್ವಂತದ್ದಿರಲಿ. ಎರಡನೇ ಬಾಡಿ ಮತ್ತು 70-200 ಎಫ್ 2.8 ಬಾಡಿಗೆಗೆ ತನ್ನಿ. ವರ್ಷಕ್ಕೆ ಹದಿನೈದು ಮದುವೆ ಇರುವಾಗ 70-200 ಕೊಂಡರೆ ಅದು ಮುನ್ನೂರಕ್ಕೂ ಹೆಚ್ಚು ದಿನ ಬೀರುವಿನಲ್ಲೇ ಇರುತ್ತದೆ. ಬಾಡಿಗೆ ಲೆನ್ಸನ್ನು ಮುಹೂರ್ತದ ಬೆಳಿಗ್ಗೆ ಅಲ್ಲ, ಹಿಂದಿನ ದಿನ ಮಧ್ಯಾಹ್ನವೇ ತಂದು ನಿಮ್ಮ ಕ್ಯಾಮೆರಾಗೆ ಹಾಕಿ ಫೋಕಸ್ ಪರೀಕ್ಷಿಸಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಶಟರ್ ಕೌಂಟ್ (ಕ್ಯಾಮೆರಾ ಈವರೆಗೆ ಎಷ್ಟು ಫೋಟೋ ತೆಗೆದಿದೆ ಎಂಬ ಲೆಕ್ಕ) ಎಲ್ಲರೂ ಕೇಳುತ್ತಾರೆ. ಅದರ ಜೊತೆಗೆ ಬಿಳಿ ಗೋಡೆಯನ್ನು ಎಫ್ 16ರಲ್ಲಿ, ಫೋಕಸ್ ಕೆಡಿಸಿ ತೆಗೆದು ನೋಡಿ. ಸೆನ್ಸರ್ ಮೇಲಿನ ಧೂಳು, ಗೀರು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಲೆನ್ಸಿನ ಒಂದು ಬದಿಯಿಂದ ಮೊಬೈಲ್ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡಿನ ಲೆನ್ಸ್‌ಗಳಲ್ಲಿ ಇದು ಸಾಮಾನ್ಯ, ಮಳೆಗಾಲದ ನಾಲ್ಕು ತಿಂಗಳು ಬ್ಯಾಗಿನಲ್ಲೇ ಇಟ್ಟ ಲೆನ್ಸಿಗೆ ಹಿಡಿಯುತ್ತದೆ. ಡ್ರೈ ಕ್ಯಾಬಿನೆಟ್ ಕೊಳ್ಳಲಾಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ಒಂದು ಸಣ್ಣ ಆರ್ದ್ರತೆ ಮಾಪಕ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಅದಕ್ಕಿಂತ ತೀರ ಕೆಳಗಿಳಿದರೆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ.

ಸಾಲ ಬೇಕಾದರೆ ಬ್ಯಾಂಕಿನಲ್ಲಿ ಮುದ್ರಾ ಯೋಜನೆ ಕೇಳಿ: ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ, ಕಿಶೋರ ವಿಭಾಗದಲ್ಲಿ 5 ಲಕ್ಷದವರೆಗೆ ಸಿಗುತ್ತದೆ. ಉದ್ಯಮ್ ನೋಂದಣಿ ಮೊದಲೇ ಮಾಡಿಸಿಟ್ಟುಕೊಳ್ಳಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಉಚಿತ, ಹಣ ಕೇಳುವ ವೆಬ್‌ಸೈಟ್‌ಗಳು ಸರ್ಕಾರದ್ದಲ್ಲ.

ದರ ಎಲ್ಲಿಂದ ಬರಬೇಕು

ಹೊಸಬರು ಪಕ್ಕದ ಸ್ಟುಡಿಯೋ ಎಷ್ಟು ತೆಗೆದುಕೊಳ್ಳುತ್ತದೆ ಎಂದು ವಿಚಾರಿಸಿ ಅದಕ್ಕಿಂತ ಐದು ಸಾವಿರ ಕಡಿಮೆ ಹೇಳುತ್ತಾರೆ. ಆ ಸ್ಟುಡಿಯೋದವರಿಗೆ ಸ್ವಂತ ಕಟ್ಟಡ, ಕಂತು ತೀರಿದ ಕ್ಯಾಮೆರಾ ಇರಬಹುದು. ಅವರ ದರ ನಿಮ್ಮ ದರವಾಗುವುದಿಲ್ಲ. ನಿಮ್ಮದನ್ನು ಹೀಗೆ ಕಟ್ಟಿ. ಕೆಳಗಿನ ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ಅವುಗಳ ಜಾಗದಲ್ಲಿ ನಿಮ್ಮ ಊರಿನ ಅಂಕಿ ಹಾಕಿಕೊಳ್ಳಿ.

ಉಪಕರಣಕ್ಕೆ 4 ಲಕ್ಷ ಹಾಕಿದ್ದೀರಿ, ನಾಲ್ಕು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ 1,00,000. ರಿಪೇರಿ, ವಿಮೆ 20,000. ಹಾರ್ಡ್ ಡಿಸ್ಕ್, ಸಾಫ್ಟ್‌ವೇರ್ 30,000. ಫೋನ್, ಇಂಟರ್ನೆಟ್, ಪೆಟ್ರೋಲ್ 60,000. ಕರೆಂಟು, ಜಾಗದ ಬಾಡಿಗೆಯ ಪಾಲು 36,000. ಒಟ್ಟು 2,46,000. ಇದನ್ನು 40 ಆರ್ಡರ್‌ಗೆ ಹಂಚಿದರೆ ಒಂದಕ್ಕೆ 6,150. ಮನೆ ನಡೆಸಲು ನಿಮಗೆ ತಿಂಗಳಿಗೆ 30,000 ಬೇಕೆಂದರೆ ವರ್ಷಕ್ಕೆ 3,60,000, ಆರ್ಡರ್‌ಗೆ 9,000. ಇಲ್ಲಿಗೆ 15,150. ಇದರ ಮೇಲೆ ಆ ಮದುವೆಯ ನೇರ ಖರ್ಚು: ವಿಡಿಯೋದವರಿಗೆ 8,000, ಲೈಟ್ ಹಿಡಿಯುವ ಹುಡುಗನಿಗೆ 1,500, ಆಲ್ಬಮ್ ಪ್ರಿಂಟ್ 12,000, ಡಿಸೈನ್ ಹೊರಗೆ ಕೊಟ್ಟರೆ 3,000, ಗಾಡಿ 2,000. ಸೇರಿ 26,500. ಎಲ್ಲ ಕೂಡಿಸಿದರೆ 41,650. ಬಾರದ ಬಾಕಿ, ಕೆಟ್ಟ ಫ್ಲ್ಯಾಶ್, ಮರುಪ್ರಿಂಟ್‌ಗೆಂದು ಶೇಕಡಾ 10 ಸೇರಿಸಿ: ಸುಮಾರು 45,800. ಈ ಲೆಕ್ಕದವರು 46,000ಕ್ಕಿಂತ ಕೆಳಗೆ ಒಪ್ಪಿದರೆ ತಮ್ಮ ಸಂಬಳದಿಂದಲೇ ಮದುವೆಮನೆಗೆ ಮುಯ್ಯಿ ಬರೆಸಿದಂತೆ.

ಮೊದಲ ವರ್ಷ 15 ಆರ್ಡರ್ ಮಾತ್ರ ಸಿಕ್ಕರೆ ಏನಾಗುತ್ತದೆಂದೂ ನೋಡಿ. ಅದೇ 2,46,000ವನ್ನು 15ಕ್ಕೆ ಹಂಚಿದರೆ ಒಂದಕ್ಕೆ 16,400 ಬೀಳುತ್ತದೆ. ಅದರ ಮೇಲೆ ಕಟ್ಟಿದ ದರ ಹೊಸಬರಿಗೆ ಯಾರೂ ಕೊಡುವುದಿಲ್ಲ. ಹಾಗಾಗಿ ಮೊದಲ ವರ್ಷ ಆದಾಯ ಹೆಚ್ಚಿಸುವುದಕ್ಕಿಂತ ಖರ್ಚು ಚಿಕ್ಕದಿಡುವುದು ಮುಖ್ಯ. ಉಪಕರಣ ಬಾಡಿಗೆಗೆ ತನ್ನಿ ಎಂದದ್ದು ಇದಕ್ಕೇ.

ಮದುವೆ ಮಾಡುವವರು ಚೌಕಾಸಿ ಮಾಡಿಯೇ ಮಾಡುತ್ತಾರೆ, ಅದರಲ್ಲಿ ತಪ್ಪಿಲ್ಲ. “ಒಂದು ದಿನದ ಕೆಲಸಕ್ಕೆ ಇಷ್ಟೊಂದಾ?” ಎಂದು ಕೇಳಿದಾಗ ಬೇಸರಪಟ್ಟುಕೊಳ್ಳದೆ ಆರು ದಿನದ ಲೆಕ್ಕವನ್ನು ಹೇಳಿ. ಆಮೇಲೂ ಇಳಿಸಬೇಕಾದರೆ ದರ ಇಳಿಸಬೇಡಿ, ಸಾಮಾನು ಇಳಿಸಿ: “ಸರ್, ಆಲ್ಬಮ್ ನಲವತ್ತು ಶೀಟಿನ ಬದಲು ಮೂವತ್ತು ಶೀಟು ಮಾಡೋಣ, ಅಷ್ಟು ಕಡಿಮೆಯಾಗುತ್ತೆ.” ಸುಮ್ಮನೆ ಐದು ಸಾವಿರ ಬಿಟ್ಟುಕೊಟ್ಟರೆ ಮೊದಲು ಹೇಳಿದ್ದೇ ಸುಳ್ಳು ಎಂದಾಗುತ್ತದೆ, ಅವರ ತಂಗಿಯ ಮದುವೆಗೆ ಇನ್ನೂ ಐದು ಸಾವಿರ ಇಳಿಸಿ ಕೇಳುತ್ತಾರೆ.

ತಾರೀಖು ಹಿಡಿಯುವುದು, ಬರೆದುಕೊಳ್ಳುವುದು

“ಡೇಟ್ ಬ್ಲಾಕ್ ಮಾಡಿಟ್ಕೊಳ್ಳಿ, ಹೇಳ್ತೀವಿ” ಎನ್ನುವ ಮಾತಿಗೆ ಮೂರು ದಿನದ ಗಡುವು ಕೊಡಿ. ಅಡ್ವಾನ್ಸ್ ಬಾರದೆ ತಾರೀಖು ನಿಲ್ಲುವುದಿಲ್ಲ ಎಂದು ನಯವಾಗಿ, ಆದರೆ ಮೊದಲ ಫೋನಿನಲ್ಲೇ ಹೇಳಿ. ಬುಕಿಂಗ್‌ಗೆ ಶೇಕಡಾ 30, ಆರತಕ್ಷತೆಯ ಸಂಜೆ ಶೇಕಡಾ 50, ಆಲ್ಬಮ್ ಡಿಸೈನ್ ಒಪ್ಪಿದ ಮೇಲೆ ಪ್ರಿಂಟಿಗೆ ಕಳಿಸುವ ಮೊದಲು ಉಳಿದ 20. ಆಲ್ಬಮ್ ಕೈಗಿಟ್ಟ ಮೇಲೆ ಕೊನೆಯ ಕಂತು ಎಂದು ಇಟ್ಟುಕೊಂಡವರಿಗೆ ಆ ಹಣ ಬರುವುದು ಅಪರೂಪ. ಮದುವೆಯ ಖರ್ಚು ಮುಗಿದು ಮನೆಯವರು ಸಾಲ ತೀರಿಸುತ್ತಿರುವ ಕಾಲ ಅದು, ಫೋಟೋಗಳನ್ನು ಅಷ್ಟರಲ್ಲಿ ಪೆನ್ ಡ್ರೈವ್‌ನಲ್ಲಿ ನೋಡಿ ಆಗಿರುತ್ತದೆ.

ಹಣ ಕೊಡುವವರು ಯಾರು, ಫೋಟೋ ಆರಿಸುವವರು ಯಾರು ಎಂಬುದನ್ನು ಬೇರೆ ಬೇರೆ ಬರೆದುಕೊಳ್ಳಿ. ಮಾತಾಡಿದ್ದು ಹುಡುಗಿಯ ಅಣ್ಣ, ಹಣ ಕೊಟ್ಟದ್ದು ತಂದೆ, ಆರಿಸಬೇಕಾದ ಮದುಮಗಳು ಗಂಡನ ಮನೆಯಲ್ಲಿ, ಕೆಲವೊಮ್ಮೆ ವಿದೇಶದಲ್ಲಿ. ಆಲ್ಬಮ್ ತಡವಾಗುವುದಕ್ಕೆ ಮುಖ್ಯ ಕಾರಣ ಇದೇ. “ಫೋಟೋ ಕಳಿಸಿದ 30 ದಿನದೊಳಗೆ ಆಯ್ಕೆ ಬಾರದಿದ್ದರೆ ನಾವೇ ಆರಿಸಿ ಡಿಸೈನ್ ಮಾಡುತ್ತೇವೆ” ಎಂಬ ಸಾಲು ಒಪ್ಪಂದದಲ್ಲಿರಲಿ.

ಒಪ್ಪಂದ ಒಂದು ಪುಟ ಸಾಕು, ಕನ್ನಡದಲ್ಲೇ ಇರಲಿ. ತಾರೀಖು, ಛತ್ರದ ವಿಳಾಸ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಎಷ್ಟು ಜನ ಬರುತ್ತೇವೆ, ಹೆಚ್ಚುವರಿ ಗಂಟೆಗೆ ಎಷ್ಟು, ಆಲ್ಬಮ್ ಅಳತೆ ಮತ್ತು ಶೀಟು, ತಿದ್ದುಪಡಿ ಎರಡು ಸಲ, ಮದುವೆ ಮುಂದೂಡಿದರೆ ಅಡ್ವಾನ್ಸ್ ಏನಾಗುತ್ತದೆ, ನಮಗೆ ಕಾಯಿಲೆಯಾದರೆ ಬದಲಿಗೆ ಯಾರು. ಚಪ್ಪರ, ಅರಿಶಿನ ಶಾಸ್ತ್ರ, ದೇವರೂಟ, ಹೆಣ್ಣು ಒಪ್ಪಿಸುವುದು, ಮನೆ ತುಂಬಿಸುವುದು: ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಇಲ್ಲ ಎಂದು ಒಂದೊಂದಾಗಿ ಬರೆಯಿರಿ. “ಮದುವೆ ಪೂರ್ತಿ” ಎಂದು ಮಾತ್ರ ಬರೆದರೆ ಹುಡುಗನ ಊರಿನ ಬೀಗರ ಊಟಕ್ಕೂ ಅದೇ ದುಡ್ಡಿನಲ್ಲಿ ಹೋಗಬೇಕಾಗುತ್ತದೆ.

ಫೋಟೋಗ್ರಾಫರ್‌ಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರು, ಬೇರೆ ರೀತಿಯ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತದೆ. ಆದ್ದರಿಂದ “ಈ ಮದುವೆಯ ಫೋಟೋಗಳನ್ನು ನಮ್ಮ ಕೆಲಸದ ಮಾದರಿಯಾಗಿ ತೋರಿಸಬಹುದು” ಎಂಬ ಸಾಲಿಗೆ ಸಹಿ ಹಾಕಿಸಿಕೊಳ್ಳಲೇಬೇಕು. ಬೇಡ ಎಂದವರ ಫೋಟೋ ಹಾಕಬಾರದು. ಅರಿಶಿನದ ನೀರು ಹಾಕುವಾಗಿನ, ಸೀರೆ ಉಡಿಸುವಾಗಿನ ಫೋಟೋಗಳನ್ನಂತೂ ಒಪ್ಪಿಗೆ ಇದ್ದರೂ ಮತ್ತೊಮ್ಮೆ ಕೇಳಿಯೇ ಹಾಕಿ.

ಮುಹೂರ್ತದ ಒಂದು ಗಂಟೆ

ಹಿಂದಿನ ಸಂಜೆಯೇ ಪುರೋಹಿತರನ್ನು ಕಂಡು ಮಾತಾಡಿಸಿ. ಶಾಸ್ತ್ರಗಳ ಕ್ರಮ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಧಾರೆ ಎಷ್ಟು ಹೊತ್ತಿಗೆ, ಅಂತರಪಟ ಯಾವ ದಿಕ್ಕಿಗೆ ಹಿಡಿಯುತ್ತಾರೆ, ತಾಳಿ ಕಟ್ಟುವಾಗ ಹುಡುಗ ಎದುರು ನಿಲ್ಲುತ್ತಾನೋ ಹಿಂದಿನಿಂದ ಕಟ್ಟುತ್ತಾನೋ ಕೇಳಿ. ಗೌರವದಿಂದ ಕೇಳಿದರೆ ಹೆಚ್ಚಿನ ಪುರೋಹಿತರು ತಾಳಿಯನ್ನು ಒಂದು ಕ್ಷಣ ಎತ್ತಿ ಹಿಡಿಯಲು ತಾವಾಗಿಯೇ ಹೇಳುತ್ತಾರೆ. ಮಂತ್ರದ ಮಧ್ಯೆ ನಿಲ್ಲಿಸಿ, ಮತ್ತೆ ಮಾಡಿಸಿ ಎನ್ನುವುದು ಮಾತ್ರ ಎಂದಿಗೂ ಬೇಡ.

ಎಲ್ಲ ಕ್ಯಾಮೆರಾಗಳ ಗಡಿಯಾರವನ್ನು ಒಂದೇ ಮೊಬೈಲ್ ನೋಡಿ ಸೆಕೆಂಡಿನವರೆಗೆ ಹೊಂದಿಸಿ. ಇದನ್ನು ಮರೆತರೆ ಮೂರು ಕ್ಯಾಮೆರಾದ ಫೋಟೋಗಳನ್ನು ಒಟ್ಟಿಗೆ ಹಾಕಿದಾಗ ಸಪ್ತಪದಿಯ ಮಧ್ಯೆ ಕಾಶಿಯಾತ್ರೆ ಬಂದು ಕೂರುತ್ತದೆ.

ಗಂಡಿನ ಕಡೆಯವರು ಬೇರೆ ಫೋಟೋಗ್ರಾಫರ್ ಕರೆತರುವುದು ನಮ್ಮಲ್ಲಿ ಸಾಮಾನ್ಯ. ವೇದಿಕೆಯ ಮೇಲೆ ಎರಡು ತಂಡ, ನಾಲ್ಕು ಕ್ಯಾಮೆರಾ, ಎರಡು ವಿಡಿಯೋ ಲೈಟು. ಬೆಳಿಗ್ಗೆ ತಿಂಡಿಯ ಹೊತ್ತಿಗೇ ಅವರನ್ನು ಕಂಡು ಯಾರು ಎಡಕ್ಕೆ, ಯಾರು ಬಲಕ್ಕೆ, ತಾಳಿ ಕಟ್ಟುವಾಗ ಯಾರು ಕೂರುತ್ತಾರೆ, ಯಾರು ನಿಲ್ಲುತ್ತಾರೆ ಎಂದು ತೀರ್ಮಾನಿಸಿಕೊಳ್ಳಿ. ಒಬ್ಬರ ಫ್ಲ್ಯಾಶ್ ಇನ್ನೊಬ್ಬರ ಟ್ರಿಗರ್‌ಗೆ ಹೊಡೆಯದಂತೆ ಚಾನಲ್ ಬದಲಿಸಿಕೊಳ್ಳುವುದೂ ಆಗಲೇ.

ಗಟ್ಟಿಮೇಳ ಶುರುವಾದ ಕೂಡಲೇ ಕುಳಿತವರೆಲ್ಲ ಎದ್ದು ನಿಲ್ಲುತ್ತಾರೆ, ಮೊಬೈಲ್ ಹಿಡಿದ ಕೈಗಳು ಮೇಲೇಳುತ್ತವೆ, ಅಕ್ಷತೆ ಹಾರುತ್ತದೆ. ಎಲ್ಲ ತಪ್ಪೂ ಆಗುವುದು ಈ ಅರ್ಧ ನಿಮಿಷದಲ್ಲೇ. ಎರಡು ನಿಮಿಷ ಮೊದಲೇ ಮದುಮಗಳ ಮುಖ ಮತ್ತು ತಾಳಿಯ ಗಂಟು ಎರಡೂ ಕಾಣುವ ಕಡೆ ನಿಂತಿರಬೇಕು, ಹುಡುಗನ ಮೊಣಕೈ ಅಡ್ಡ ಬರದ ಬದಿಯಲ್ಲಿ. ಎರಡನೇ ಕ್ಯಾಮೆರಾ ಎದುರಿನಿಂದ ತಂದೆತಾಯಿಯ ಮುಖ ಹಿಡಿಯಲಿ. ಶಟರ್ 1/200, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 4, ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 1600ರಿಂದ ಶುರು ಮಾಡಿ. ಎಫ್ 1.8ರಲ್ಲಿ ತೆಗೆದರೆ ಹಾರುವ ಅಕ್ಕಿಕಾಳಿಗೆ ಫೋಕಸ್ ಹಿಡಿದು ಮುಖ ಮಸುಕಾಗುತ್ತದೆ. ಮುಖದ ಮೇಲೆ ಫೋಕಸ್ ಹಿಡಿದು ಕ್ಯಾಮೆರಾದ ಹಿಂಬದಿಯ ಗುಂಡಿಯಿಂದ ಲಾಕ್ ಮಾಡುವ ಅಭ್ಯಾಸ ಇದಕ್ಕೆ ಒಳ್ಳೆಯ ಉಪಾಯ.

ಫ್ಲ್ಯಾಶನ್ನು ಪೂರ್ತಿ ಶಕ್ತಿಯಲ್ಲಿ ಇಟ್ಟುಕೊಂಡು ಹೋದವರಿಗೆ ಮೊದಲ ಫೋಟೋ ಚೆನ್ನಾಗಿ, ಎರಡನೆಯದು ಕಪ್ಪಾಗಿ ಬರುತ್ತದೆ, ಏಕೆಂದರೆ ಮತ್ತೆ ತುಂಬಿಕೊಳ್ಳಲು ಅದಕ್ಕೆ ಎರಡು ಮೂರು ಸೆಕೆಂಡ್ ಬೇಕು. ಕಾಲು ಭಾಗ ಶಕ್ತಿಗೆ ಇಳಿಸಿ, ಕೊರತೆಯನ್ನು ಐಎಸ್‌ಒದಿಂದ ತುಂಬಿಕೊಳ್ಳಿ. ಛತ್ರದ ಮಾಡು ಎತ್ತರವಿದ್ದರೆ ಅಥವಾ ಬಣ್ಣದ ಬಟ್ಟೆ ಕಟ್ಟಿದ್ದರೆ ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಉಪಯೋಗವಿಲ್ಲ, ಬಟ್ಟೆಯ ಬಣ್ಣವೇ ಮುಖಕ್ಕೆ ಇಳಿಯುತ್ತದೆ. ಆಗ ಸಹಾಯಕನ ಕೈಯಲ್ಲಿ ಸಣ್ಣ ಸಾಫ್ಟ್‌ಬಾಕ್ಸ್ ಕೊಟ್ಟು ಓರೆಯಿಂದ ಹಿಡಿಸಿ. ಹಳದಿ ಶಾಮಿಯಾನದ ಕೆಳಗೆ ಹಗಲು ಹೊತ್ತಿನ ಮದುವೆಯಾದರೆ ಮದುಮಗಳು ಕೂರುವ ಹಸೆಮಣೆಯ ಜಾಗದಲ್ಲೇ ಬೂದು ಕಾರ್ಡ್ ಇಟ್ಟು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಮಾಡಿಕೊಳ್ಳಿ.

ಆರತಕ್ಷತೆಯಲ್ಲಿ ಎಲ್‌ಇಡಿ ಲೈಟುಗಳಿಂದ ಫೋಟೋದಲ್ಲಿ ಅಡ್ಡ ಪಟ್ಟಿ ಬರುವ ತೊಂದರೆ ಇದೆ. ನಮ್ಮ ವಿದ್ಯುತ್ 50 ಹರ್ಟ್ಸ್, ಅದರ ಮೇಲೆ ನಡೆಯುವ ಅಗ್ಗದ ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/100 ಅಥವಾ 1/50 ಇಟ್ಟರೆ ಪಟ್ಟಿ ಹೋಗುತ್ತದೆ. ಎಲ್‌ಇಡಿ ವಾಲ್‌ನ ಮಿನುಗು ಬೇರೆ ಲೆಕ್ಕದ್ದು, ಅದಕ್ಕೆ ಜನ ಬರುವ ಮೊದಲು ನಾಲ್ಕಾರು ಶಟರ್ ವೇಗದಲ್ಲಿ ತೆಗೆದು ನೋಡಿಯೇ ತೀರ್ಮಾನಿಸಬೇಕು. ಎಲೆಕ್ಟ್ರಾನಿಕ್ ಶಟರ್ ಆನ್ ಆಗಿದ್ದರೆ ಆಫ್ ಮಾಡಿ, ಮೆಕ್ಯಾನಿಕಲ್‌ಗೆ ಬನ್ನಿ.

ಕೆಂಪು ರೇಷ್ಮೆ, ಚಿನ್ನದ ಜರಿ ಇರುವ ಸೀರೆಯಲ್ಲಿ ಹಿಸ್ಟೋಗ್ರಾಮಿನ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಕೆಂಪು ಚಾನಲ್ ನೋಡಿ. ಸಾಮಾನ್ಯ ಹಿಸ್ಟೋಗ್ರಾಮ್ ಸರಿಯಿದ್ದರೂ ಕೆಂಪು ತುದಿಗೆ ಮುಟ್ಟಿರುತ್ತದೆ, ಸೀರೆಯ ನೇಯ್ಗೆ ಅಳಿಸಿ ಒಂದೇ ಬಣ್ಣದ ತೇಪೆಯಂತೆ ಕಾಣುತ್ತದೆ. ಬೆಳಕನ್ನು ಮೂರನೇ ಒಂದು ಸ್ಟಾಪ್ ಕಡಿಮೆ ಇಟ್ಟು ತೆಗೆದು, ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ ಮೂಲ ಫೈಲು) ಮುಖದ ಬೆಳಕು ಎತ್ತಿಕೊಳ್ಳಿ.

ಡ್ರೋನ್ ಕೇಳಿದರೆ, 250 ಗ್ರಾಂಗಿಂತ ಹೆಚ್ಚು ತೂಕದ್ದನ್ನು ಹಣಕ್ಕಾಗಿ ಹಾರಿಸಲು 2021ರ ಡ್ರೋನ್ ನಿಯಮಗಳ ಪ್ರಕಾರ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಪೋರ್ಟಲ್‌ನ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂದು ನೋಡಿಕೊಳ್ಳಿ. ಬೆಂಗಳೂರಿನಲ್ಲಿ ದೇವನಹಳ್ಳಿ, ಎಚ್‌ಎಎಲ್, ಯಲಹಂಕದಂಥ ಕಡೆ ವಿಮಾನ ನಿಲ್ದಾಣಗಳಿವೆ. ಸರ್ಟಿಫಿಕೇಟ್ ಇರುವವರನ್ನೇ ಕರೆಸಿ. ಪ್ರೀ ವೆಡ್ಡಿಂಗ್‌ಗೆ ಹಂಪಿ, ಪಟ್ಟದಕಲ್ಲಿನಂಥ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು, ವೃತ್ತಿಪರ ಚಿತ್ರೀಕರಣ ಮಾಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಅರ್ಜಿಯನ್ನು ವಾರಗಳ ಮೊದಲೇ ಹಾಕಿ.

ಫೈಲು, ಆಲ್ಬಮ್

24 ಮೆಗಾಪಿಕ್ಸೆಲ್ ರಾ ಫೈಲು ಒಂದಕ್ಕೆ ಸುಮಾರು 28 ಎಂಬಿ ಎಂದುಕೊಂಡರೆ 3,000 ಫೋಟೋಗೆ 84 ಜಿಬಿ. 100 ಎಂಬಿಪಿಎಸ್‌ನ 4ಕೆ ವಿಡಿಯೋ ಗಂಟೆಗೆ 45 ಜಿಬಿ. ಒಂದು ಮದುವೆಗೆ ಮೂರು ನಾಲ್ಕು ನೂರು ಜಿಬಿ ಸುಲಭವಾಗಿ ಆಗುತ್ತದೆ. ಹಾರ್ಡ್ ಡಿಸ್ಕ್ ಖರ್ಚನ್ನು ದರದಲ್ಲಿ ಸೇರಿಸಿದ್ದು ಇದಕ್ಕೆ.

ಎರಡೂ ಸ್ಲಾಟಿಗೆ ಒಂದೇ ಸಮಯಕ್ಕೆ ಬರೆಯುವಂತೆ ಕ್ಯಾಮೆರಾ ಸೆಟ್ ಮಾಡಿ. ಮನೆಗೆ ಬಂದ ರಾತ್ರಿಯೇ ಎರಡು ಬೇರೆ ಡಿಸ್ಕ್‌ಗಳಿಗೆ ಕಾಪಿ ಮಾಡಿ. ಕಾಪಿಯಾದದ್ದನ್ನು ಫೈಲ್ ಸಂಖ್ಯೆ ಎಣಿಸಿ, ಅಲ್ಲಲ್ಲಿ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು. ಒಂದು ಡಿಸ್ಕ್ ಬೇರೆ ಮನೆಯಲ್ಲಿರಲಿ. ಒಂದೇ ಬ್ಯಾಗಿನಲ್ಲಿಟ್ಟ ಎರಡು ಡಿಸ್ಕ್ ಕಳ್ಳತನಕ್ಕೂ ಮಳೆಗೂ ಒಟ್ಟಿಗೆ ಹೋಗುತ್ತವೆ. ಕಾರ್ಡಿನಿಂದ ಫೋಟೋ ಕಾಣೆಯಾದರೆ ಆ ಕಾರ್ಡಿಗೆ ಇನ್ನೊಂದೂ ತೆಗೆಯದೆ ಪಕ್ಕಕ್ಕಿಡಿ. ಮೇಲೆ ಹೊಸದಾಗಿ ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರ್‌ನಿಂದ ಹೆಚ್ಚಿನವು ಸಿಗುವ ಸಾಧ್ಯತೆ ಇದೆ.

12×36 ಇಂಚಿನ ಆಲ್ಬಮ್ ಶೀಟಿಗೆ 300 ಡಿಪಿಐಯಲ್ಲಿ 10,800×3,600 ಪಿಕ್ಸೆಲ್ ಬೇಕು. ಶೀಟಿನ ನಡು ಮಡಿಕೆಯ ಮೇಲೆ ಯಾರ ಮುಖವೂ ಬರಬಾರದು, ಅಂಚಿನಿಂದ ಅರ್ಧ ಇಂಚು ಒಳಗೆ ಮುಖ್ಯವಾದ್ದೇನೂ ಇರಬಾರದು, ಲ್ಯಾಬಿನ ಕಟಿಂಗ್‌ನಲ್ಲಿ ಹೋಗುತ್ತದೆ. ಹೆಸರು, ತಾರೀಖುಗಳ ಕಾಗುಣಿತವನ್ನು ಮನೆಯವರಿಂದಲೇ ಓದಿಸಿ “ಓಕೆ” ಎಂದು ಬರೆದು ಕಳಿಸಲು ಹೇಳಿ. ಹೆಸರು ತಪ್ಪಾಗಿ ಅಚ್ಚಾದ ಆಲ್ಬಮ್ಮಿನ ಮರುಪ್ರಿಂಟ್ ಖರ್ಚು ಆ ಆರ್ಡರಿನ ಲಾಭವನ್ನೆಲ್ಲ ನುಂಗುತ್ತದೆ. ಪೇಜಿಗೆ ನಾಲ್ಕು ಫೋಟೋ ದಾಟಿಸಬೇಡಿ. ಹೂವು, ಬಳ್ಳಿ, ಮೋಡದ ಹಿನ್ನೆಲೆ ತುಂಬಿದ ಆಲ್ಬಮ್ ಐದು ವರ್ಷಕ್ಕೇ ಹಳೆಯದಾಗಿ ಕಾಣುತ್ತದೆ.

ಆರ್ಡರ್ ಬರುವ ದಾರಿ

ಬೆಂಗಳೂರಿನಲ್ಲಿ ಇನ್‌ಸ್ಟಾಗ್ರಾಂ ನೋಡಿ ಕರೆಯುವವರಿದ್ದಾರೆ. ಹಾಸನ, ಶಿರಸಿ, ಗದಗದಂಥ ಊರುಗಳಲ್ಲಿ ಆರ್ಡರ್ ಬರುವುದು ಬಾಯಿಂದ ಬಾಯಿಗೆ, ವಾಟ್ಸಾಪ್ ಸ್ಟೇಟಸ್‌ನಿಂದ. ಮುಹೂರ್ತ ಮುಗಿದ ದಿನ ಸಂಜೆಯೊಳಗೆ ಹದಿನೈದು ಫೋಟೋ ಸರಿಮಾಡಿ ಮದುಮಕ್ಕಳಿಗೆ ಕಳಿಸಿ, ಮೂಲೆಯಲ್ಲಿ ಸಣ್ಣದಾಗಿ ನಿಮ್ಮ ಹೆಸರು ಇರಲಿ. ಅಂದು ರಾತ್ರಿ ಎರಡೂ ಕಡೆಯ ನೆಂಟರ ಸ್ಟೇಟಸ್ ತುಂಬ ಅವೇ ಇರುತ್ತವೆ. ಮಂಟಪ ಅಲಂಕಾರ ಮಾಡಿದವರಿಗೆ ಖಾಲಿ ಮಂಟಪದ ಮೂರು ಒಳ್ಳೆಯ ಫೋಟೋ, ಮೇಕಪ್ ಮಾಡಿದವರಿಗೆ ಮದುಮಗಳ ಎರಡು ಫೋಟೋ, ಮನೆಯವರ ಒಪ್ಪಿಗೆ ಪಡೆದು, ದುಡ್ಡು ಕೇಳದೆ ಕಳಿಸಿ. ಮುಂದಿನ ಮದುವೆಯಲ್ಲಿ “ಫೋಟೋಗೆ ಯಾರು ಗೊತ್ತಿದ್ದಾರೆ?” ಎಂದು ಮನೆಯವರು ಕೇಳುವುದು ಇವರನ್ನೇ. ಛತ್ರದ ಮ್ಯಾನೇಜರ್‌ಗೆ ಕಮಿಷನ್ ಕೊಟ್ಟು ಆರ್ಡರ್ ತರುವ ಪದ್ಧತಿಯೂ ಇದೆ. ಒಮ್ಮೆ ಶುರು ಮಾಡಿದರೆ ಅದು ಪ್ರತಿ ಸೀಸನ್ನಿಗೂ ಏರುತ್ತದೆ, ಶುರು ಮಾಡದಿರುವುದೇ ಲೇಸು.

ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಊರಿನ ಹೆಸರು ಸೇರಿಸಿ ತೆರೆದಿಡಿ, ಆಲ್ಬಮ್ ಕೈಗೆ ಕೊಟ್ಟ ದಿನವೇ ರಿವ್ಯೂ ಬರೆಯಲು ಕೇಳಿ.

ತೆರಿಗೆ

ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ದರ ಶೇಕಡಾ 18. ಲಾಭವಲ್ಲ, ಪೂರ್ತಿ ವಹಿವಾಟು ಲೆಕ್ಕ, ಅದರಲ್ಲಿ ಆಲ್ಬಮ್ ಲ್ಯಾಬಿಗೆ ಕೊಟ್ಟದ್ದೂ ಸೇರುತ್ತದೆ. 46,000ದಂತೆ 40 ಮದುವೆ ಎಂದರೆ 18,40,000. ಜೊತೆಗೆ ನಾಲ್ಕಾರು ಕಂಪನಿ ಕೆಲಸ ಸಿಕ್ಕರೆ ಗಡಿ ದಾಟಿಯಾಯಿತು. ನೋಂದಣಿಯಾದ ಮೇಲೆ ಅಡ್ವಾನ್ಸ್ ಬಂದಾಗಲೇ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಸಮಾರಂಭದ ಫೋಟೋ ಮತ್ತು ವಿಡಿಯೋಗೆ ಬಿಲ್ಲಿನಲ್ಲಿ ಹಾಕುವ ಕೋಡ್ 998383. ಕಂಪನಿಗಳು ಹಣ ಕೊಡುವಾಗ ಟಿಡಿಎಸ್ ಹಿಡಿದಿದ್ದರೆ ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಮದುವೆಯ ಹಣಕ್ಕೆ ಬೇರೆ ಬ್ಯಾಂಕ್ ಖಾತೆ ಇಟ್ಟರೆ ಮಾರ್ಚ್‌ನಲ್ಲಿ ಆಡಿಟರ್ ಮುಂದೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಮುಹೂರ್ತ ಇಲ್ಲದ ತಿಂಗಳುಗಳಲ್ಲಿ

ಪಂಚಾಂಗದ ಖಾಲಿ ಜಾಗ ಎಲ್ಲರಿಗೂ ಖಾಲಿಯಲ್ಲ. ಮುಸ್ಲಿಮರ ನಿಕಾಹ್‌ಗೆ ಆಷಾಢ ಅಡ್ಡಿಯಿಲ್ಲ. ಮಂಗಳೂರು ಕಡೆಯ ಕ್ಯಾಥೋಲಿಕರಲ್ಲಿ ಕ್ರಿಸ್‌ಮಸ್ ಕಳೆದ ಮೇಲಿನ ವಾರಗಳಲ್ಲಿ, ಗಲ್ಫಿನಿಂದ ಊರಿಗೆ ಬಂದವರಿರುವಾಗ ರೋಸ್ (ಮದುವೆಗೆ ಮೊದಲು ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮತ್ತು ಮದುವೆ ಬಹಳ. ಅದು ಸರಿಯಾಗಿ ಧನುರ್ಮಾಸದ ಹೊತ್ತು. ಆ ಆಚರಣೆಗಳ ಕ್ರಮ ಕಲಿತು, ಚರ್ಚಿನೊಳಗೆ ಎಲ್ಲಿ ನಿಲ್ಲಬಹುದು, ಎಲ್ಲಿ ಫ್ಲ್ಯಾಶ್ ಬೇಡ ಎಂದು ಕೇಳಿಕೊಂಡು ಹೋದರೆ ಎರಡು ತಿಂಗಳ ಕೊರತೆ ತುಂಬುತ್ತದೆ.

ಆಷಾಢದಲ್ಲಿ ಸೀರೆ ಅಂಗಡಿ, ಚಿನ್ನದ ಅಂಗಡಿಗಳು ವರಮಹಾಲಕ್ಷ್ಮಿ ಹಬ್ಬದ ಜಾಹೀರಾತಿಗೆ ಫೋಟೋ ತೆಗೆಸುತ್ತವೆ. ಅವರನ್ನು ಹಬ್ಬಕ್ಕೆ ಆರು ವಾರ ಮೊದಲೇ ಹೋಗಿ ಕಾಣಬೇಕು. ಇಂಥ ಕೆಲಸಕ್ಕೆ ದಿನದ ಲೆಕ್ಕದಲ್ಲಿ ಅಲ್ಲ, ಫೋಟೋದ ಲೆಕ್ಕದಲ್ಲಿ ದರ ಹೇಳಿ, ಎಷ್ಟು ಕಾಲ, ಹೋರ್ಡಿಂಗ್‌ಗೋ ಮೊಬೈಲಿಗೋ ಎಲ್ಲೆಲ್ಲಿ ಬಳಸುತ್ತಾರೆ ಎಂಬುದನ್ನು ಬಿಲ್ಲಿನಲ್ಲೇ ಬರೆಯಿರಿ. ಉಳಿದ ದಿನಗಳಲ್ಲಿ ಬಾಕಿ ಆಲ್ಬಮ್ ಮುಗಿಸಿ, ಸೆನ್ಸರ್ ಸ್ವಚ್ಛ ಮಾಡಿಸಿ, ಬ್ಯಾಟರಿಗಳಲ್ಲಿ ಸೊರಗಿದವನ್ನು ಬೇರೆ ಮಾಡಿ. ಮುಂದಿನ ಸೀಸನ್ನಿನ ದರಪಟ್ಟಿಯನ್ನೂ ಆಗಲೇ ಬರೆದಿಡಿ, ಶ್ರಾವಣದ ಮೊದಲ ಫೋನ್ ಬರುವ ಮೊದಲು. ಹಳೆಯ ಸೀಸನ್ನಿನಲ್ಲಿ ನಾಲ್ಕು ಒಳ್ಳೆಯ ತಾರೀಖುಗಳಿಗೆ ಎರಡೆರಡು ಆರ್ಡರ್ ಬಿಟ್ಟುಕೊಡಬೇಕಾಗಿದ್ದರೆ ದರ ಏರಿಸಬಹುದು. ಆ ತಾರೀಖುಗಳೇ ಖಾಲಿ ಉಳಿದಿದ್ದರೆ ಏರಿಸಬೇಡಿ. ಪೋರ್ಟ್‌ಫೋಲಿಯೋದಲ್ಲಿ ಯಾವ ಸಮುದಾಯದ, ಯಾವ ಬಗೆಯ ಛತ್ರದ ಮದುವೆ ಇಲ್ಲ ಎಂದು ನೋಡಿ ಅದನ್ನು ತುಂಬಿಕೊಳ್ಳಿ.